ಮೈಲಿ ಬಹುಮಾನ: ವಿಮಾನ ಕಂಪನಿಗಳು ಕೈಬಿಚ್ಚಿ ಕೊಟ್ಟ ದಿನಗಳು

ಒಂದೇ ವಿಮಾನ ಕಂಪನಿಯಲ್ಲಿ ಪದೇಪದೇ ಪ್ರಯಾಣಿಸುವವರು ಹಾರಿದ ದೂರವನ್ನು ಲೆಕ್ಕವಿಟ್ಟು, ಅದು ಒಂದು ಮಟ್ಟ ಮುಟ್ಟಿದಾಗ ಪುಕ್ಕಟೆ ಟಿಕೆಟನ್ನೋ ಮೇಲಿನ ದರ್ಜೆಯ ಸೀಟನ್ನೋ ಕೊಡುವ ಏರ್ಪಾಡು ಮೈಲಿ ಬಹುಮಾನ ಯೋಜನೆ. ಫ್ರೀಕ್ವೆಂಟ್ ಫ್ಲೈಯರ್ ಪ್ರೋಗ್ರಾಂ ಎಂಬುದು ಕಾಗದದ ಮೇಲಿನ ಹೆಸರು. ಮಾತಿನಲ್ಲಿ ಎಲ್ಲರೂ ‘ಮೈಲ್ಸ್’ ಎನ್ನುತ್ತಾರೆ. ಈಚಿನವರ ಬಾಯಲ್ಲಿ ಅದು ‘ಪಾಯಿಂಟ್ಸ್’ ಆಗಿದೆ. 1981ರಲ್ಲಿ ಅಮೆರಿಕದಲ್ಲಿ ನೆಲೆಗೊಂಡ ಈ ಪದ್ಧತಿ ಭಾರತಕ್ಕೆ ಬಂದದ್ದು 1990ರ ದಶಕದಲ್ಲಿ. ಕರ್ನಾಟಕದಲ್ಲಿ ಇದರ ಕಥೆಯನ್ನು ಸಾಫ್ಟ್‌ವೇರ್ ಉದ್ಯಮದ ಕಥೆಯಿಂದ ಬಿಡಿಸಿ ಹೇಳಲಾಗದು. ಆದ್ದರಿಂದ ಈ ಲೇಖನ ಮೈಸೂರಿನ ಹೆಬ್ಬಾಳದಲ್ಲಿ ನಿಂತು ಆ ಕಾಲವನ್ನು ನೋಡುತ್ತದೆ.

ಎರಡು ಹೆಬ್ಬಾಳಗಳು

ಹೆಬ್ಬಾಳವೆಂದರೆ ಹೆಚ್ಚಿನವರಿಗೆ ನೆನಪಾಗುವುದು ಬೆಂಗಳೂರಿನ ಮೇಲ್ಸೇತುವೆ. ಇಲ್ಲಿ ಹೇಳುತ್ತಿರುವುದು ಬೇರೆ ಹೆಬ್ಬಾಳ. ಮೈಸೂರು ನಗರದ ವಾಯವ್ಯ ಅಂಚಿನಲ್ಲಿ, ಕೃಷ್ಣರಾಜಸಾಗರದ ಕಡೆಗೆ ಹೋಗುವ ದಿಕ್ಕಿನಲ್ಲಿ, ತನ್ನದೇ ಹೆಸರಿನ ಕೆರೆಯೊಂದಿಗೆ ಇರುವ ಹಳೆಯ ಊರು ಇದು. ಊರಿನ ಹೊಲಗಳಿದ್ದ ಕಡೆ ಕೈಗಾರಿಕಾ ಪ್ರದೇಶ ಬಂತು, ಆಮೇಲೆ ಎಲೆಕ್ಟ್ರಾನಿಕ್ ಸಿಟಿ ಬಂತು. ಇನ್ಫೋಸಿಸ್ ಕಂಪನಿಯ 300 ಎಕರೆಗೂ ಮಿಕ್ಕಿದ ಆವರಣ ಇರುವುದು ಇಲ್ಲಿಯೇ. ಹೊಸದಾಗಿ ಕೆಲಸಕ್ಕೆ ಸೇರಿದ ಪದವೀಧರರನ್ನು ದೇಶದ ಮೂಲೆ ಮೂಲೆಗಳಿಂದ ಕರೆತಂದು ತಿಂಗಳುಗಟ್ಟಲೆ ತರಬೇತಿ ಕೊಡುವ ಇಲ್ಲಿನ ಶಿಕ್ಷಣ ಕೇಂದ್ರದ ಎರಡನೆಯ ಕಟ್ಟಡವನ್ನು 2009ರ ಸೆಪ್ಟೆಂಬರಿನಲ್ಲಿ ಸೋನಿಯಾ ಗಾಂಧಿ ಉದ್ಘಾಟಿಸಿದರು.

ಎರಡು ಹೆಬ್ಬಾಳಗಳಿಗೂ ಒಂದು ನಂಟಿದೆ. ಮೈಸೂರಿನ ಹೆಬ್ಬಾಳದಲ್ಲಿ ಕೆಲಸ ಮಾಡುವವರು ವಿದೇಶಕ್ಕೆ ಹೊರಟರೆ ಬೆಂಗಳೂರಿನವರೆಗೆ ರಸ್ತೆಯಲ್ಲೇ ಬಂದು, ಅಲ್ಲಿನ ಹೆಬ್ಬಾಳದ ಮೇಲ್ಸೇತುವೆ ದಾಟಿ ದೇವನಹಳ್ಳಿಯ ವಿಮಾನ ನಿಲ್ದಾಣ ಸೇರುವುದು ರೂಢಿ. ಸುಮಾರು 180 ಕಿಲೋಮೀಟರ್ ದಾರಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯುವ ಮುನ್ನ ಪಯಣ ಎಚ್‌ಎಎಲ್ ನಿಲ್ದಾಣಕ್ಕೆ ಮುಗಿಯುತ್ತಿತ್ತು. ಕಾರಿನಲ್ಲೋ ಬಸ್ಸಿನಲ್ಲೋ ಅರ್ಧ ದಿನ ಕಳೆದ ಮೇಲೆಯೇ ಮೈಲಿಯ ಲೆಕ್ಕ ಶುರುವಾಗುತ್ತಿದ್ದದ್ದು.

ಕಾಲದ ಹೊಂದಾಣಿಕೆಯೂ ಗಮನಿಸುವಂಥದ್ದು. ಅಮೆರಿಕನ್ ಏರ್‌ಲೈನ್ಸ್ ತನ್ನ ‘ಎಅಡ್ವಾಂಟೇಜ್’ ಯೋಜನೆಯನ್ನು ತಂದದ್ದು 1981ರ ಮೇ 1ರಂದು. ಎರಡು ತಿಂಗಳ ಬಳಿಕ, ಅದೇ ವರ್ಷದ ಜುಲೈನಲ್ಲಿ, ಪುಣೆಯಲ್ಲಿ ಏಳು ಮಂದಿ ಎಂಜಿನಿಯರುಗಳು ಸೇರಿ ಇನ್ಫೋಸಿಸ್ ಕಟ್ಟಿದರು. ಅವರಲ್ಲಿ ಮುಂದಾಳಾದ ಎನ್.ಆರ್. ನಾರಾಯಣಮೂರ್ತಿ 1967ರಲ್ಲಿ ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್‌ನಿಂದ ಪದವಿ ಪಡೆದವರು. ಒಂದಕ್ಕೊಂದು ಸಂಬಂಧವೇ ಇಲ್ಲದೆ ಹುಟ್ಟಿದ ಈ ಎರಡು ಸಂಗತಿಗಳು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಸಾವಿರಾರು ಕನ್ನಡ ಮನೆಗಳಲ್ಲಿ ಒಟ್ಟಾದವು.

ಹುಟ್ಟು

1978ರವರೆಗೆ ಅಮೆರಿಕದಲ್ಲಿ ಯಾವ ಕಂಪನಿ ಯಾವ ಊರಿಗೆ ಹಾರಬೇಕು, ಎಷ್ಟು ದರ ಹಾಕಬೇಕು ಎಂಬುದನ್ನು ಸರ್ಕಾರಿ ಮಂಡಳಿಯೊಂದು ಗೊತ್ತುಮಾಡುತ್ತಿತ್ತು. ಆ ವರ್ಷದ ಅಕ್ಟೋಬರ್ 24ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ಆ ಹಿಡಿತವನ್ನು ಸಡಿಲಿಸಿತು. ದರದ ಪೈಪೋಟಿ ಎಷ್ಟು ಬಿರುಸಾಯಿತೆಂದರೆ, ಯಾವ ಕಂಪನಿಯ ಸೀಟಾದರೂ ಒಂದೇ ಎಂಬ ಮನಸ್ಸು ಪ್ರಯಾಣಿಕರಲ್ಲಿ ಬೇರೂರತೊಡಗಿತು. ವ್ಯವಹಾರಕ್ಕಾಗಿ ವಾರವಾರವೂ ಹಾರುವ ಗಿರಾಕಿಯನ್ನು ಕಟ್ಟಿಹಾಕಿಕೊಳ್ಳಲು ದರ ಇಳಿಸುವುದನ್ನು ಬಿಟ್ಟು ಬೇರೇನಾದರೂ ಬೇಕಿತ್ತು.

ಟೆಕ್ಸಾಸ್ ಇಂಟರ್‌ನ್ಯಾಷನಲ್ ಎಂಬ ಸಣ್ಣ ಕಂಪನಿ 1979ರಲ್ಲೇ ಮೈಲಿ ಲೆಕ್ಕದ ಯೋಜನೆ ತಂದಿತ್ತು. ಆದರೆ ಅದನ್ನು ದೊಡ್ಡ ಪ್ರಮಾಣದಲ್ಲಿ ನಡೆಸಲು ಬೇಕಾದ ಕಂಪ್ಯೂಟರ್ ಬಲ ಇದ್ದದ್ದು ಅಮೆರಿಕನ್ ಏರ್‌ಲೈನ್ಸ್ ಬಳಿ. ಅದರ ಮುಖ್ಯಸ್ಥರಲ್ಲೊಬ್ಬರಾದ ರಾಬರ್ಟ್ ಕ್ರಾಂಡಲ್ ಲೆಕ್ಕಾಚಾರದ ಮನುಷ್ಯ. ಸೇಬರ್ ಎಂಬ ಟಿಕೆಟ್ ಕಾದಿರಿಸುವ ವ್ಯವಸ್ಥೆಯನ್ನು ಜಾಲಾಡಿ, ಒಂದೇ ಫೋನ್ ನಂಬರು ಮತ್ತೆ ಮತ್ತೆ ಕಾಣಿಸಿಕೊಂಡವರನ್ನು ಹೆಕ್ಕಿ ತೆಗೆದು, ಅವರನ್ನು ಮೊದಲ ಸದಸ್ಯರನ್ನಾಗಿ ಮಾಡಿಕೊಂಡರು. ಯುನೈಟೆಡ್ ಕೆಲವೇ ದಿನಗಳಲ್ಲಿ ತನ್ನ ‘ಮೈಲೇಜ್ ಪ್ಲಸ್’ ಜೊತೆ ಕಣಕ್ಕಿಳಿಯಿತು. ವರ್ಷ ತಿರುಗುವಷ್ಟರಲ್ಲಿ ಡೆಲ್ಟಾ, ಟಿಡಬ್ಲ್ಯುಎ ಕೂಡ ಬಂದವು. ಸ್ವಲ್ಪ ಕಾಲ ನಡೆದು ನಿಲ್ಲುವ ಪ್ರಚಾರವೆಂದು ಆರಂಭವಾದದ್ದನ್ನು ಯಾರೂ ಮೊದಲು ನಿಲ್ಲಿಸಲು ಸಿದ್ಧರಿರಲಿಲ್ಲ.

ಕೈ ಬಿಚ್ಚಿದ್ದಕ್ಕೆ ಕಾರಣ

ಸಂತೆ ಮುಗಿಯುವ ಹೊತ್ತಿಗೆ ಉಳಿದ ಸೊಪ್ಪಿಗೆ ಬೆಲೆ ಇರುವುದಿಲ್ಲ. ವಿಮಾನದ ಬಾಗಿಲು ಮುಚ್ಚಿದ ಕ್ಷಣ ಖಾಲಿ ಉಳಿದ ಸೀಟಿನ ಗತಿಯೂ ಅದೇ. ಆ ಸೀಟಿನಲ್ಲಿ ಒಬ್ಬರನ್ನು ಕೂರಿಸಿದರೆ ಕಂಪನಿಗೆ ತಗಲುವ ಹೆಚ್ಚಿನ ಖರ್ಚು ಒಂದು ಊಟ, ತುಸು ಇಂಧನ. ಕುಳಿತವರಿಗೆ ಮಾತ್ರ ಅದು ಸಾವಿರಾರು ರೂಪಾಯಿಯ ಉಡುಗೊರೆ. ಕೊಡುವವರಿಗೆ ಅಗ್ಗ, ಪಡೆಯುವವರಿಗೆ ಅಮೂಲ್ಯ: ಇಂಥ ವಸ್ತು ವ್ಯಾಪಾರದಲ್ಲಿ ಅಪರೂಪ. ವಿಮಾನಗಳು ಇಂದಿನಷ್ಟು ಭರ್ತಿಯಾಗಿ ಹಾರದಿದ್ದ 1980ರ ದಶಕದಲ್ಲಿ ಕಂಪನಿಗಳು ಧಾರಾಳಿಗಳಾದದ್ದು ಇದರಿಂದ.

ನಿಯಮಗಳೂ ಸರಳವಾಗಿದ್ದವು. ಎಷ್ಟು ಮೈಲಿ ಹಾರಿದರೆ ಅಷ್ಟು ಮೈಲಿ ಖಾತೆಗೆ. ಟಿಕೆಟ್ಟಿಗೆ ಎಷ್ಟು ತೆತ್ತರು ಎಂದು ಕೇಳುವವರಿಲ್ಲ. ಪಕ್ಕದೂರಿಗೆ ಹೋದರೂ ಕನಿಷ್ಠ 500 ಮೈಲಿ ಜಮಾ ಮಾಡುವ ಪದ್ಧತಿ ಇತ್ತು. 1988ರಲ್ಲಿ ಡೆಲ್ಟಾದಿಂದ ಮೊದಲಾಗಿ ದೊಡ್ಡ ಕಂಪನಿಗಳೆಲ್ಲ ಹಾರಿದ ದೂರದ ಮೂರು ಪಟ್ಟು ಮೈಲಿ ಕೊಡಲು ನಿಂತವು. ಆ ಒಂದು ವರ್ಷದಲ್ಲಿ ಹಂಚಿದ ಮೈಲಿಯ ಹೊರೆಯನ್ನು ಇಳಿಸಿಕೊಳ್ಳಲು ಅವಕ್ಕೆ ವರ್ಷಗಳೇ ಹಿಡಿದವು.

ಧಾರಾಳತನ ಅತಿರೇಕಕ್ಕೆ ಹೋದ ಉದಾಹರಣೆಗಳೂ ಇವೆ. 1981ರಲ್ಲೇ ಅಮೆರಿಕನ್ ಏರ್‌ಲೈನ್ಸ್ 2,50,000 ಡಾಲರಿಗೆ ಜೀವನಪೂರ್ತಿ ಮೊದಲ ದರ್ಜೆಯಲ್ಲಿ ಬೇಕಾದಷ್ಟು ಹಾರುವ ‘ಎಏರ್‌ಪಾಸ್’ ಮಾರಿತು. ಕೊಂಡವರಲ್ಲಿ ಕೆಲವರು ಅದನ್ನು ಅಕ್ಷರಶಃ ಬಳಸಿಕೊಂಡು ದಿನಬೆಳಗಾದರೆ ಹಾರಿದರು. ಕೊನೆಗೆ ಕಂಪನಿಯೇ ಕೆಲವರ ಪಾಸುಗಳನ್ನು ರದ್ದುಮಾಡಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 1999ರಲ್ಲಿ ಕ್ಯಾಲಿಫೋರ್ನಿಯಾದ ಸಿವಿಲ್ ಎಂಜಿನಿಯರ್ ಒಬ್ಬರು ಆಹಾರ ಕಂಪನಿಯೊಂದರ ಬಹುಮಾನದ ನಿಯಮವನ್ನು ಸರಿಯಾಗಿ ಓದಿ, 12,000ಕ್ಕೂ ಹೆಚ್ಚು ಪುಡಿಂಗ್ ಡಬ್ಬಿಗಳನ್ನು ಕೊಂಡು, ಅವುಗಳ ಚೀಟಿಗಳಿಂದ ಹನ್ನೆರಡು ಲಕ್ಷಕ್ಕೂ ಮಿಕ್ಕಿದ ಮೈಲಿ ಗಳಿಸಿದರು. ಅವರು ತೆತ್ತದ್ದು ಸುಮಾರು ಮೂರು ಸಾವಿರ ಡಾಲರ್.

ಹಣ ಯಾರದು, ಮೈಲಿ ಯಾರದು

ಈ ಪದ್ಧತಿಯ ತಿರುಳು ಇರುವುದು ಇಲ್ಲಿ. ವ್ಯವಹಾರದ ಪ್ರಯಾಣದಲ್ಲಿ ಟಿಕೆಟ್ಟಿನ ಹಣ ಕಟ್ಟುವುದು ಕಂಪನಿ, ಹಾರುವುದು ನೌಕರ, ಮೈಲಿ ಸೇರುವುದು ನೌಕರನ ಖಾತೆಗೆ. ಎರಡು ವಿಮಾನಗಳ ದರ ಹೆಚ್ಚುಕಡಿಮೆ ಒಂದೇ ಆಗಿದ್ದಾಗ, ಆಯ್ಕೆಯ ಅವಕಾಶವಿದ್ದ ನೌಕರ ತನ್ನ ಖಾತೆಯಿರುವ ಕಂಪನಿಯನ್ನೇ ಕೇಳುತ್ತಿದ್ದ. ವಿಮಾನ ಕಂಪನಿಗಳಿಗೆ ಬೇಕಾದದ್ದೂ ಅದೇ.

ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಅರ್ಥಶಾಸ್ತ್ರಜ್ಞರಲ್ಲಿ ಹಲವರು ಇದನ್ನು ನೌಕರನಿಗೆ ಕೊಡುವ ಮರೆಯ ಕಮಿಷನ್ ಎಂದೇ ಬಗೆಯುತ್ತಾರೆ. ಈ ಲೇಖಕನ ಅಭಿಪ್ರಾಯ ಬೇರೆ. ಟಿಕೆಟ್ಟಿಗೆ ಹಣ ಕೊಟ್ಟದ್ದು ಕಂಪನಿಯಾದರೂ ಪ್ರಯಾಣಕ್ಕೆ ಮೈ ಕೊಟ್ಟದ್ದು ನೌಕರ. ನಡುರಾತ್ರಿಯ ಹೊರಡುವಿಕೆ, ಫ್ರಾಂಕ್‌ಫರ್ಟಿನ ಕುರ್ಚಿಯ ಮೇಲೆ ಆರು ಗಂಟೆ, ಹಗಲು ರಾತ್ರಿ ಅದಲುಬದಲಾದ ವಾರ, ಮಗುವಿನ ಮೊದಲ ಹೆಜ್ಜೆಯನ್ನು ಫೋನಿನಲ್ಲಿ ಕೇಳಿದ್ದು, ಇವು ಯಾವುದಕ್ಕೂ ಸಂಬಳದ ಚೀಟಿಯಲ್ಲಿ ಸಾಲು ಇರಲಿಲ್ಲ. ಮೈಲಿ ಆ ಸಾಲನ್ನು ತುಂಬಿತು.

ಸರ್ಕಾರಗಳು ಇದನ್ನು ಬೇರೆ ಬೇರೆಯಾಗಿ ಕಂಡಿವೆ. ಅಮೆರಿಕದ ಕೇಂದ್ರ ಸರ್ಕಾರಿ ನೌಕರರು ಅಧಿಕೃತ ಪ್ರಯಾಣದ ಮೈಲಿಯನ್ನು ಸ್ವಂತಕ್ಕೆ ಬಳಸುವಂತಿರಲಿಲ್ಲ. 2001ರ ಕೊನೆಯಲ್ಲಿ ಕಾಯ್ದೆ ಬದಲಾಗಿ ಅನುಮತಿ ಸಿಕ್ಕಿತು. ಮರುವರ್ಷ ಅಲ್ಲಿನ ತೆರಿಗೆ ಇಲಾಖೆ, ವ್ಯವಹಾರದ ಪ್ರಯಾಣದಲ್ಲಿ ಗಳಿಸಿದ ಮೈಲಿಯನ್ನು ಸ್ವಂತಕ್ಕೆ ಬಳಸಿದರೂ ತೆರಿಗೆ ಕೇಳುವುದಿಲ್ಲವೆಂದು ಪ್ರಕಟಿಸಿತು. ಭಾರತ ಸರ್ಕಾರದ ನಿಯಮ ಬಿಗಿಯಾದದ್ದು: ಅಧಿಕೃತ ಪ್ರಯಾಣದಲ್ಲಿ ಬಂದ ಮೈಲಿಯನ್ನು ಇಲಾಖೆಯ ಮುಂದಿನ ಪ್ರಯಾಣಕ್ಕೇ ಬಳಸಬೇಕು. ಖಾಸಗಿ ಸಾಫ್ಟ್‌ವೇರ್ ಕಂಪನಿಗಳ ಲೋಕದಲ್ಲಿ ಮೈಲಿ ಸಾಮಾನ್ಯವಾಗಿ ಹಾರಿದವರದೇ ಆಗಿ ಉಳಿಯಿತು.

ಆನ್‌ಸೈಟ್ ಕಾಲದ ಮೈಲಿ

‘ಆನ್‌ಸೈಟ್’ ಎಂಬ ಪದ ಕನ್ನಡದ ಮನೆಮಾತಾದದ್ದು 1990ರ ದಶಕದ ಕೊನೆಯಲ್ಲಿ. ಗಿರಾಕಿಯ ಊರಿಗೇ ಹೋಗಿ ಮೂರು ತಿಂಗಳೋ ಮೂರು ವರ್ಷವೋ ಕೆಲಸ ಮಾಡಿ ಬರುವುದು. ಕಂಪ್ಯೂಟರುಗಳಲ್ಲಿನ 2000ದ ಇಸವಿಯ ದೋಷ (ವೈ2ಕೆ) ತಿದ್ದುವ ಕೆಲಸ ಈ ಓಡಾಟವನ್ನು ಹಲವು ಪಟ್ಟು ಹೆಚ್ಚಿಸಿತು. 2001ರಲ್ಲಿ ಲುಫ್ತಾನ್ಸಾ ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನ ಆರಂಭಿಸಿತು. 2005ರಲ್ಲಿ ಬ್ರಿಟಿಷ್ ಏರ್‌ವೇಸ್ ಲಂಡನ್ನಿಗೆ ಹಾರಿಸಿತು. ಅದಕ್ಕೆ ಮುಂಚೆ ಮುಂಬೈಗೋ ಚೆನ್ನೈಗೋ ಹೋಗಿ ವಿಮಾನ ಹಿಡಿಯುತ್ತಿದ್ದವರಿಗೆ ಇದೊಂದು ದೊಡ್ಡ ನಿರಾಳ.

ಲೆಕ್ಕ ಹಾಕಿ ನೋಡಬಹುದು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಸುಮಾರು 4,600 ಮೈಲಿ. ಅಲ್ಲಿಂದ ನ್ಯೂಯಾರ್ಕ್ ಸುಮಾರು 3,850. ಹೋಗಿಬಂದರೆ 17,000ದ ಹತ್ತಿರ. ದೂರದಷ್ಟೇ ಮೈಲಿ ಜಮಾ ಆಗುತ್ತಿದ್ದ ಯೋಜನೆಯಲ್ಲಿ ಮೂರು ಬಾರಿ ಹೋಗಿಬಂದ ಎಂಜಿನಿಯರನ ಖಾತೆಯಲ್ಲಿ 50,000 ದಾಟುತ್ತಿತ್ತು. 1995ರ ಬಳಿಕ ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಅಮೆರಿಕದೊಳಗೆ ಹೋಗಿಬರುವ ಒಂದು ಪುಕ್ಕಟೆ ಟಿಕೆಟ್ಟಿಗೆ 25,000 ಮೈಲಿ ಸಾಕಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ ಆ ರಾಶಿಯ ತೂಕ ತಿಳಿಯುತ್ತದೆ. 1997ರ ಮೇ 14ರಂದು ಹುಟ್ಟಿದ ಸ್ಟಾರ್ ಅಲಯನ್ಸ್ ಒಕ್ಕೂಟದಿಂದಾಗಿ ಲುಫ್ತಾನ್ಸಾದಲ್ಲಿ ಹಾರಿ ಯುನೈಟೆಡ್ ಖಾತೆಗೆ ಮೈಲಿ ಹಾಕಿಸಿಕೊಳ್ಳುವುದೂ ಸುಲಭವಾಯಿತು.

ಬಂದ ಮೈಲಿ ಹೋದದ್ದೆಲ್ಲಿಗೆ? ಅಮೆರಿಕದ ಗ್ರಾಹಕ ಹವಾಯಿಗೆ ರಜೆಗೆ ಹೋಗುತ್ತಾನೆ. ಕನ್ನಡ ಮನೆಗಳಲ್ಲಿ ಅದಕ್ಕೆ ಮೊದಲ ಹಕ್ಕುದಾರರು ಅಪ್ಪ ಅಮ್ಮ. ಮಗಳ ಬಾಣಂತನಕ್ಕೆ ತಾಯಿ ಹೊರಡಬೇಕು, ಐದಾರು ತಿಂಗಳು ಇದ್ದು ಬರಬೇಕು. ಅಳಿಯನದೋ ಮಗನದೋ ಖಾತೆಯಲ್ಲಿದ್ದ ಮೈಲಿ ಆ ಟಿಕೆಟ್ಟಾಗುತ್ತಿತ್ತು, ಇಲ್ಲವೇ ಒಂದು ಟಿಕೆಟ್ಟಿನ ಹಣ ಉಳಿಸಿ ಅಪ್ಪನನ್ನೂ ಜೊತೆಗೆ ಕಳುಹಿಸುತ್ತಿತ್ತು. ತನ್ನ ಹೆಸರಿನ ಮೈಲಿಯಿಂದ ಬೇರೆಯವರಿಗೆ ಟಿಕೆಟ್ ತೆಗೆಯಲು ಹೆಚ್ಚಿನ ಯೋಜನೆಗಳು ಅವಕಾಶ ಕೊಟ್ಟಿದ್ದವು; ಈ ಒಂದು ನಿಯಮದ ಉಪಕಾರ ದೊಡ್ಡದು.

ಇನ್ನೊಂದು ಲಾಭ ಸಾಮಾನಿನದು. ವರ್ಷದಲ್ಲಿ ಇಂತಿಷ್ಟು ಹಾರಿದವರಿಗೆ ಬೆಳ್ಳಿ, ಚಿನ್ನದ ಹೆಸರಿನ ಅಂತಸ್ತು ಕೊಡುವುದು ಯೋಜನೆಗಳ ಇನ್ನೊಂದು ಅಂಗ. ಸ್ಟಾರ್ ಅಲಯನ್ಸ್‌ನ ಚಿನ್ನದ ಕಾರ್ಡಿದ್ದರೆ ವಿಶ್ರಾಂತಿ ಕೋಣೆಯ ಜೊತೆಗೆ ಇನ್ನೊಂದು ಪೆಟ್ಟಿಗೆ ಒಯ್ಯುವ ಹಕ್ಕು ಸಿಗುತ್ತಿತ್ತು. ಸಾರಿನ ಪುಡಿ, ಚಟ್ನಿಪುಡಿ, ಬಾಣಂತಿ ಲೇಹ್ಯ, ನಂಜನಗೂಡು ಹಲ್ಲುಪುಡಿ ಎಲ್ಲಕ್ಕೂ ಜಾಗ ಬೇಕಿದ್ದ ಮೈಸೂರಿನ ಮನೆಗೆ ಆ ಪೆಟ್ಟಿಗೆಯೇ ದೊಡ್ಡ ವರ.

ಹೆಸರಿನ ತೊಡಕು ಮಾತ್ರ ನಮ್ಮವರಿಗೇ ಮೀಸಲು ಎನ್ನುವಂತಿತ್ತು. ಊರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ತನ್ನ ಹೆಸರು ಎಂಬ ಮೈಸೂರು ಸೀಮೆಯ ಪದ್ಧತಿ ಕುಲನಾಮ ಕೇಳುವ ಅರ್ಜಿಗೆ ಹೊಂದುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಹೆಸರು, ಟಿಕೆಟ್ಟಿನಲ್ಲಿ ಒಂದು ರೀತಿ, ಸದಸ್ಯತ್ವದಲ್ಲಿ ಇನ್ನೊಂದು ರೀತಿ. ಟಿಕೆಟ್ಟಿನ ಹೆಸರೂ ಸದಸ್ಯತ್ವದ ಹೆಸರೂ ಹೊಂದದಿದ್ದರೆ ಮೈಲಿ ಜಮಾ ಆಗುವುದಿಲ್ಲ. ಅದಕ್ಕೇ ಬೋರ್ಡಿಂಗ್ ಪಾಸಿನ ತುಂಡುಗಳನ್ನು ಬೀರುವಿನಲ್ಲಿ ಜೋಪಾನವಾಗಿಟ್ಟು, ಆಮೇಲೆ ಪತ್ರ ಬರೆದು ಮೈಲಿ ಕೇಳಿ ಪಡೆಯಬೇಕಿತ್ತು.

ದೇಶದೊಳಗಿನ ಕಂಪನಿಗಳು

1953ರ ಕಾಯ್ದೆ ವಿಮಾನಯಾನವನ್ನು ಸರ್ಕಾರದ ಎರಡು ಸಂಸ್ಥೆಗಳ ಕೈಯಲ್ಲಿಟ್ಟಿತ್ತು. ಆ ಹಿಡಿತ ಸಡಿಲವಾಗುತ್ತ ಬಂದು 1994ರಲ್ಲಿ ಕಾಯ್ದೆಯೇ ರದ್ದಾಯಿತು. ಬೇರೆ ಕಂಪನಿಯೇ ಇಲ್ಲದ ಕಡೆ ನಿಷ್ಠೆಗೆ ಬಹುಮಾನ ಕೊಡುವ ಪ್ರಶ್ನೆಯೇ ಇರುವುದಿಲ್ಲವಷ್ಟೆ. 1993ರ ಮೇ ತಿಂಗಳಲ್ಲಿ ಹಾರಾಟ ಶುರುಮಾಡಿದ ಜೆಟ್ ಏರ್‌ವೇಸ್‌ನ ‘ಜೆಟ್ ಪ್ರಿವಿಲೇಜ್’, ಏರ್ ಇಂಡಿಯಾದ ‘ಫ್ಲೈಯಿಂಗ್ ರಿಟರ್ನ್ಸ್’ ಎರಡೂ ಆ ದಶಕದ ಕೂಸುಗಳು.

ಕರ್ನಾಟಕದ್ದೇ ಆದ ಎರಡು ಕಂಪನಿಗಳು ಉದಾರತೆಯ ಎರಡು ಬೇರೆ ದಾರಿ ತೋರಿದವು. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್‌ಗೆ ಮೈಲಿಯ ಹಂಗಿರಲಿಲ್ಲ. ಅದರ ಉದಾರತೆ ದರದಲ್ಲೇ ಇತ್ತು; ಒಂದು ರೂಪಾಯಿಯ ಟಿಕೆಟ್ ಬಿಟ್ಟು, ಅದುವರೆಗೆ ವಿಮಾನ ಹತ್ತದವರನ್ನು ಹತ್ತಿಸಿತು. ವಿಜಯ್ ಮಲ್ಯ ಅವರ ಬೆಂಗಳೂರು ಮೂಲದ ಕಿಂಗ್‌ಫಿಷರ್ 2005ರ ಮೇ 9ರಂದು ಹಾರಾಟ ಆರಂಭಿಸಿ, ‘ಕಿಂಗ್ ಕ್ಲಬ್’ ಎಂಬ ಯೋಜನೆಯಲ್ಲಿ ‘ಕಿಂಗ್ ಮೈಲ್ಸ್’ ಹಂಚಿತು. ಪ್ರತಿ ಸೀಟಿಗೂ ಪುಟ್ಟ ಪರದೆ, ಊಟ, ಉಪಚಾರ. 2008ರಲ್ಲಿ ಡೆಕ್ಕನ್ ಇದರಲ್ಲಿ ವಿಲೀನವಾಗಿ ‘ಕಿಂಗ್‌ಫಿಷರ್ ರೆಡ್’ ಆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರು–ಲಂಡನ್ ಹಾರಾಟವೂ ಶುರುವಾಯಿತು.

2010ರ ಅಕ್ಟೋಬರಿನಲ್ಲಿ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ಬಂದ ವಿಮಾನವೂ ಕಿಂಗ್‌ಫಿಷರಿನದೇ, ರೆಕ್ಕೆಯ ಮೇಲೆ ಪಂಖವಿರುವ ಎಟಿಆರ್. ಊರ ಇನ್ನೊಂದು ತುದಿಯಲ್ಲಿದ್ದರೂ ಹೆಬ್ಬಾಳದವರಿಗೆ ಮನೆಯಂಗಳದಿಂದಲೇ ಹಾರುವ ಆಸೆ ಮೂಡಿಸಿದ ಸಂಪರ್ಕ ಅದು. ಒಂದು ವರ್ಷ ತುಂಬಿದ ಸ್ವಲ್ಪ ದಿನಕ್ಕೆ, 2011ರ ನವೆಂಬರಿನಲ್ಲಿ ನಿಂತುಹೋಯಿತು. 2012ರ ಫೆಬ್ರವರಿಯಲ್ಲಿ ಕಿಂಗ್‌ಫಿಷರ್ ಒನ್‌ವರ್ಲ್ಡ್ ಒಕ್ಕೂಟ ಸೇರಬೇಕಿತ್ತು. ಸೇರಿದ್ದರೆ ಕಿಂಗ್ ಮೈಲ್ಸ್ ಲೋಕದ ದೊಡ್ಡ ಕಂಪನಿಗಳಲ್ಲೆಲ್ಲ ನಡೆಯುತ್ತಿತ್ತು. ಅದು ಕೂಡಿಬರಲಿಲ್ಲ. ಅಕ್ಟೋಬರಿನಲ್ಲಿ ಪರವಾನಗಿ ಅಮಾನತಾಗಿ ಕಂಪನಿ ನೆಲ ಕಚ್ಚಿತು. ಸದಸ್ಯರ ಮೈಲಿಗೆ ಕೊಡುವವರೂ ಇಲ್ಲ, ಕೇಳುವವರೂ ಇಲ್ಲ ಎಂಬಂತಾಯಿತು. ಸಂಬಳ ಸಿಗದೆ ಹೋದ ನೌಕರರ ಕಷ್ಟದ ಮುಂದೆ ಇದು ಸಣ್ಣ ನಷ್ಟ, ಆದರೂ ನಷ್ಟವೇ.

ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಾಗ ಹಾಗಾಗಲಿಲ್ಲ. ಅದರ ಮೈಲಿ ಯೋಜನೆಯನ್ನು ಮೊದಲೇ ಬೇರೆ ಕಂಪನಿಯನ್ನಾಗಿ ಒಡೆಯಲಾಗಿತ್ತು; 2014ರಲ್ಲಿ ಅದರ ಶೇಕಡ 50.1 ಪಾಲನ್ನು ಎತಿಹಾದ್ ವಿಮಾನ ಕಂಪನಿ 15 ಕೋಟಿ ಡಾಲರಿಗೆ ಕೊಂಡಿತ್ತು. ವಿಮಾನಗಳು ನೆಲಕ್ಕಿಳಿದರೂ ಮೈಲಿ ಉಳಿಯಿತು. ಯೋಜನೆ 2019ರಲ್ಲೇ ‘ಇಂಟರ್‌ಮೈಲ್ಸ್’ ಎಂದು ಹೆಸರು ಬದಲಾಯಿಸಿಕೊಂಡಿತು. ವಿಮಾನ ಕಂಪನಿಗಿಂತ ಅದರ ಬಹುಮಾನದ ಪುಸ್ತಕವೇ ಗಟ್ಟಿ ಎಂಬುದನ್ನು ಭಾರತ ಕಣ್ಣಾರೆ ಕಂಡದ್ದು ಆಗ.

ಕೈ ಬಿಗಿದದ್ದು

ಬಿಗಿತ ಶುರುವಾದದ್ದು ಬಹಳ ಮೊದಲೇ. 1988ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಈಗಾಗಲೇ ಗಳಿಸಿದ್ದ ಮೈಲಿಗೂ ಅನ್ವಯವಾಗುವಂತೆ, ಇಂಥ ದಿನ ಪುಕ್ಕಟೆ ಟಿಕೆಟ್ ಇಲ್ಲ, ಒಂದು ವಿಮಾನದಲ್ಲಿ ಇಷ್ಟೇ ಸೀಟು ಎಂಬ ಕಟ್ಟಳೆ ತಂದಿತು. ಸದಸ್ಯರು ದಾವೆ ಹೂಡಿದರು. 1995ರ ಜನವರಿ 18ರಂದು ಅಮೆರಿಕದ ಸುಪ್ರೀಂ ಕೋರ್ಟ್, ಕಂಪನಿ ತಾನೇ ಕೊಟ್ಟ ಮಾತನ್ನು ಮುರಿದಿದೆ ಎಂಬ ಒಪ್ಪಂದಭಂಗದ ದೂರನ್ನು ಸದಸ್ಯರು ಮುಂದುವರಿಸಬಹುದೆಂದೂ, ಗ್ರಾಹಕ ವಂಚನೆಯ ರಾಜ್ಯ ಕಾಯ್ದೆಗಳ ಅಡಿಯ ದೂರು ನಿಲ್ಲದೆಂದೂ ತೀರ್ಪು ಕೊಟ್ಟಿತು. ಮೈಲಿಯ ಬಗ್ಗೆ ಬಂದ ತೀರ್ಪುಗಳಲ್ಲಿ ಇದೇ ಹೆಚ್ಚು ಮುಖ್ಯವಾದದ್ದು. ಅದರ ಮರುತಿಂಗಳೇ 20,000 ಮೈಲಿಯ ದೇಶೀಯ ಬಹುಮಾನ 25,000ಕ್ಕೆ ಏರಿತು.

ಆಮೇಲೆ ಅಗ್ಗದ ಟಿಕೆಟ್ಟಿಗೆ ಹಾರಿದ ದೂರದ ಅರ್ಧವೋ ಕಾಲುಭಾಗವೋ ಮಾತ್ರ ಜಮಾ ಮಾಡುವ ಪದ್ಧತಿ ಬಂತು. ಲುಫ್ತಾನ್ಸಾದ ‘ಮೈಲ್ಸ್ ಅಂಡ್ ಮೋರ್’ನಲ್ಲಿ ಅಂತಸ್ತಿಲ್ಲದ ಸದಸ್ಯರ ಮೈಲಿಗೆ 36 ತಿಂಗಳ ಆಯುಸ್ಸು. ಪುಕ್ಕಟೆ ಟಿಕೆಟ್ಟಿನ ಮೇಲೂ ತೆರಿಗೆ, ಇಂಧನದ ಮೇಲುದರ. ದೊಡ್ಡ ಹೊಡೆತ ಬಿದ್ದದ್ದು 2015ರಲ್ಲಿ: ಡೆಲ್ಟಾ, ಯುನೈಟೆಡ್ ದೂರದ ಲೆಕ್ಕವನ್ನೇ ಕೈಬಿಟ್ಟು ತೆತ್ತ ಹಣಕ್ಕೆ ತಕ್ಕಂತೆ ಮೈಲಿ ಕೊಡತೊಡಗಿದವು. 2016ರ ಆಗಸ್ಟಿನಲ್ಲಿ ಅಮೆರಿಕನ್ ಕೂಡ ಸೇರಿಕೊಂಡಿತು. ಏರ್ ಇಂಡಿಯಾ ಇದೇ ದಾರಿಗೆ ಬಂದದ್ದು 2024ರಲ್ಲಿ. ಮರುವರ್ಷ ಫ್ಲೈಯಿಂಗ್ ರಿಟರ್ನ್ಸ್ ‘ಮಹಾರಾಜ ಕ್ಲಬ್’ ಆಯಿತು. 2006ರಿಂದ ಹಾರುತ್ತಿದ್ದ ಇಂಡಿಗೋ ಪೂರ್ಣ ಪ್ರಮಾಣದ ಯೋಜನೆಯಿಲ್ಲದೆಯೇ ದೇಶದ ಅತಿದೊಡ್ಡ ಕಂಪನಿಯಾಗಿ ಬೆಳೆದು, 2024ರ ನವೆಂಬರಿನಲ್ಲಿ ‘ಬ್ಲೂಚಿಪ್’ ತಂದಿತು.

ಈ ಬದಲಾವಣೆಯ ಭಾರ ಬಿದ್ದದ್ದು ಯಾರ ಮೇಲೆ ಎಂಬುದು ಸ್ಪಷ್ಟ. ಕಂಪನಿಯ ಪ್ರಯಾಣ ವಿಭಾಗ ತಿಂಗಳ ಮುಂಚೆಯೇ ಕಡಿಮೆ ದರದಲ್ಲಿ ಕೊಂಡ ಟಿಕೆಟ್ಟಿನಲ್ಲಿ, ಹಿಂದಿನ ಸಾಲಿನ ನಡುಸೀಟಿನಲ್ಲಿ, ಹದಿನೇಳು ಸಾವಿರ ಮೈಲಿ ಕುಳಿತು ಬಂದವರಿಗೆ ಸ್ವಲ್ಪ; ಕೊನೆಯ ಗಳಿಗೆಯಲ್ಲಿ ನಾಲ್ಕು ಪಟ್ಟು ತೆತ್ತು ಮುಂದಿನ ಸಾಲಿನಲ್ಲಿ ಮಲಗಿ ಬಂದವರಿಗೆ ಬಹಳ. ಮೈ ಸವೆಸಿದ್ದಕ್ಕೆ ಸಿಗುತ್ತಿದ್ದುದು ಹಣ ಖರ್ಚು ಮಾಡಿದ್ದಕ್ಕೆ ಸಿಗುವಂತಾಯಿತು.

1987ರಲ್ಲಿ ಸಿಟಿಬ್ಯಾಂಕ್ ಅಮೆರಿಕನ್ ಏರ್‌ಲೈನ್ಸ್ ಜೊತೆ ಹೊರತಂದ ಕ್ರೆಡಿಟ್ ಕಾರ್ಡಿನಲ್ಲೇ ಇದರ ಬೀಜವಿತ್ತು. ಬ್ಯಾಂಕುಗಳು ಮೈಲಿಯನ್ನು ರಾಶಿರಾಶಿಯಾಗಿ ಕೊಂಡು ಗಿರಾಕಿಗಳಿಗೆ ಹಂಚುತ್ತವೆ. ವಿಮಾನ ಕಂಪನಿಗೆ ಅದು ಹಾರದೆಯೇ ಬರುವ ಆದಾಯ. ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ಬಹುಪಾಲು ವಿಮಾನಗಳು ನಿಂತಿದ್ದಾಗ, 2020ರಲ್ಲಿ ಯುನೈಟೆಡ್ ತನ್ನ ಮೈಲೇಜ್ ಪ್ಲಸ್ ಅನ್ನು ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು. 2021ರಲ್ಲಿ ಅಮೆರಿಕನ್ ತನ್ನ ಎಅಡ್ವಾಂಟೇಜ್ ಮೇಲೆ 1,000 ಕೋಟಿ ಡಾಲರ್ ಎತ್ತಿತು. ಇಂದು ಹೆಬ್ಬಾಳದಲ್ಲಿ ಪಾಯಿಂಟ್ಸ್ ಗಳಿಸುವುದಕ್ಕೆ ವಿಮಾನ ಹತ್ತಲೇಬೇಕೆಂದಿಲ್ಲ. ದಿನಸಿಯ ಬಿಲ್ಲು, ಮಗುವಿನ ಶಾಲೆಯ ಶುಲ್ಕ, ಕಾರಿನ ವಿಮೆಯನ್ನು ಸರಿಯಾದ ಕಾರ್ಡಿನಲ್ಲಿ ಕಟ್ಟಿದವರ ಖಾತೆ, ವರ್ಷಕ್ಕೆರಡು ಬಾರಿ ನಡುಸೀಟಿನಲ್ಲಿ ಸಮುದ್ರ ದಾಟುವವರ ಖಾತೆಗಿಂತ ಬೇಗ ತುಂಬಬಹುದು.